ನಿಲ್ಲುವವರು, ಹೊರಡುವವರು

ಕಳೆದ ಶ್ರಾವಣದ ಒಂದು ಸಂಜೆ, ಒಲೆಯ ಮೇಲೆ ಸಾರು ಕುದಿಯುತ್ತಿದ್ದಾಗ ಬೆಂಗಳೂರಿನಿಂದ ಮಗಳ ಫೋನು ಬಂತು. "ಅಮ್ಮ, ಕೆಲಸಕ್ಕೆ ರಾಜೀನಾಮೆ ಕೊಟ್ಟೆ" ಎಂದಳು. ಒಲೆ ಆರಿಸಿ ಅಲ್ಲೇ ಕುಳಿತುಬಿಟ್ಟೆ. ಅವಳದು ಸಾಫ್ಟ್‌ವೇರ್ ಕಂಪನಿ. ಮನೆ ಬಾಗಿಲಿಗೆ ಕಾರು, ಮಧ್ಯಾಹ್ನದ ಊಟ, ಕಚೇರಿಯಲ್ಲೇ ಡಾಕ್ಟರು, ವ್ಯಾಯಾಮಕ್ಕೊಂದು ಕೋಣೆ. ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ನನಗೆ ಅದು ಅಮರಾವತಿಯೇ ಸರಿ. "ಇಷ್ಟೆಲ್ಲ ಕೊಡುವವರನ್ನು ಬಿಟ್ಟು ಬರಲು ನಿನಗೇನು ಬಂತೇ?" ಎಂದು ಗದರಿದೆ.

ಅವಳು ಹೇಳಿದ್ದು ಇಷ್ಟೆ. ನಾಲ್ಕು ವರ್ಷ ದುಡಿದ ಅವಳಿಗಿಂತ ಮೊನ್ನೆ ಬಂದು ಸೇರಿದವನಿಗೆ ಸಂಬಳ ಹೆಚ್ಚು. ಅವಳು ರಾತ್ರಿಯೆಲ್ಲ ಕೂತು ಮಾಡಿದ ಕೆಲಸವನ್ನು ಸಭೆಯಲ್ಲಿ ತೋರಿಸುವಾಗ ಅವಳ ಹೆಸರೇ ಇರಲಿಲ್ಲ. ರಾಜೀನಾಮೆ ಕೊಟ್ಟ ಮರುದಿನವೇ, ಸಂಬಳ ಏರಿಸುತ್ತೇವೆ, ಇರಿ ಎಂದರಂತೆ. "ಇವತ್ತು ಕೊಡಲು ಆಗುವುದು ಹೋದ ತಿಂಗಳು ಯಾಕಮ್ಮ ಆಗಲಿಲ್ಲ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವಳು ಯಾವ ಕಚೇರಿಯಲ್ಲಿ ದುಡಿದಿದ್ದಳೋ ಎನ್ನಿಸಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳ ಚಿಂತೆಯಿಂದಲ್ಲ, ಹದಿನೈದು ವರ್ಷಗಳ ಹಿಂದಿನ ಒಂದು ಮುಖ ಕಣ್ಣ ಮುಂದೆ ಬಂದು ನಿಂತಿತ್ತು.

ನಮ್ಮದು ಖಾಸಗಿ ಹೈಸ್ಕೂಲು. ಆಗ ವಿಜ್ಞಾನಕ್ಕೆ ಒಬ್ಬಳು ಹುಡುಗಿ ಬಂದಿದ್ದಳು. ಅವಳ ಪೀರಿಯಡ್ಡಿನ ಗಂಟೆ ಹೊಡೆದರೆ ಮಕ್ಕಳು ಓಡಿಬಂದು ಕೂರುತ್ತಿದ್ದರು. ದಾಸವಾಳದ ಹೂ ಕೊಯ್ದು ಕೈಗೆ ಕೊಟ್ಟು ಪಾಠ ಮಾಡುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಅವಳಿಗೆ ದೊಡ್ಡ ಊರಿನ ಶಾಲೆಯೊಂದರಿಂದ ಕರೆ ಬಂತು. ನಮ್ಮಲ್ಲಿ ಕೆಲಸಕ್ಕೆ ಸೇರುವಾಗಲೇ ಮೂಲ ಅಂಕಪಟ್ಟಿಗಳನ್ನು ಇಸಿದುಕೊಂಡು ಬೀರುವಿನಲ್ಲಿಡುವ ಪದ್ಧತಿಯಿತ್ತು. ಆಡಳಿತ ಮಂಡಳಿಯವರು ನನ್ನನ್ನು ಕರೆದು, "ನೀವು ಹಿರಿಯರು, ಏನು ಮಾಡೋಣ?" ಎಂದು ಕೇಳಿದರು. ಎಸ್ಸೆಸ್ಸೆಲ್ಸಿ ಮಕ್ಕಳ ವರ್ಷ ಹಾಳಾಗುತ್ತದೆಂಬ ಆತಂಕ ನನಗೆ. "ಪರೀಕ್ಷೆ ಮುಗಿಯುವವರೆಗೆ ಅಂಕಪಟ್ಟಿ ಕೊಡಬೇಡಿ" ಎಂದುಬಿಟ್ಟೆ.

ಅವಳು ನಿಂತಳು. ಆದರೆ ದಾಸವಾಳ ಬರಲಿಲ್ಲ. ಪುಸ್ತಕ ತೆರೆದು ಓದಿಸಿ, ಗಂಟೆ ಹೊಡೆದೊಡನೆ ಮುಚ್ಚುತ್ತಿದ್ದಳು. ಪರೀಕ್ಷೆ ಮುಗಿದ ದಿನ ಕಾಗದಗಳನ್ನು ತೆಗೆದುಕೊಂಡು ನನ್ನ ಬಳಿ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ನೀವು ಒಂದು ಮಾತು ಕೇಳಿದ್ದರೆ ನಾನೇ ಅಲ್ಲಿಯವರೆಗೆ ಇರುತ್ತಿದ್ದೆ." ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು?

ನಾನು ಸಮಾಜ ವಿಜ್ಞಾನದ ಟೀಚರು. ಕಬ್ಬಿಣ ಮತ್ತು ಉಕ್ಕಿನ ಪಾಠ ಬಂದಾಗಲೆಲ್ಲ ಜಮ್‌ಶೆಡ್‌ಪುರದ ನಕ್ಷೆ ಬರೆಯುತ್ತೇನೆ. ಗುರುಮಹಿಸಾನಿಯ ಅದಿರು, ಝರಿಯಾದ ಕಲ್ಲಿದ್ದಲು, ಸುವರ್ಣರೇಖಾ ನದಿಯ ನೀರು. ಇವಿಷ್ಟಿದ್ದರೆ ಕಾರ್ಖಾನೆ ಎದ್ದು ನಿಲ್ಲುತ್ತದೆ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಆ ಕಾಡಿಗೆ ಜನ ಬಂದು ನಿಂತದ್ದು ಹೇಗೆಂದು ಯಾರೂ ಕೇಳುವುದಿಲ್ಲ. ಅಲ್ಲಿ 1912ರಲ್ಲಿಯೇ ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದು ಗೊತ್ತುಮಾಡಿದರು. 1915ರಲ್ಲಿ ಉಚಿತ ಔಷಧೋಪಚಾರ, 1920ರಲ್ಲಿ ಸಂಬಳಸಹಿತ ರಜೆ ಮತ್ತು ಭವಿಷ್ಯನಿಧಿ, 1928ರಲ್ಲಿ ಹೆರಿಗೆ ಸೌಲಭ್ಯ. ಹೆರಿಗೆ ಸೌಲಭ್ಯಕ್ಕೆ ಇಡೀ ದೇಶಕ್ಕೊಂದು ಕಾನೂನು ಬಂದದ್ದು 1961ರಲ್ಲಿ! ನಮ್ಮ ಬೆಂಗಳೂರಿನ ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ತಂದದ್ದೂ ಇದೇ ದಾರಿಯ ಇನ್ನೊಂದು ಹೆಜ್ಜೆ. ಗೇಯುವವನಿಗೂ ಹೊಲದಲ್ಲಿ ಪಾಲು ಎಂಬ ಹಾಗೆ.

ಹಾಗಾದರೆ ಸೌಲಭ್ಯ ಕೊಟ್ಟರೆ ಸಾಕೇ? ಅದೇ ಜಮ್‌ಶೆಡ್‌ಪುರದಲ್ಲಿ 1920, 1922 ಮತ್ತು 1928ರಲ್ಲಿ ದೊಡ್ಡ ಮುಷ್ಕರಗಳಾದವು. ಆಸ್ಪತ್ರೆಯಿದ್ದೂ ಜನ ಬೀದಿಗೆ ಬಂದರು. ಮನುಷ್ಯನಿಗೆ ಅನ್ನದ ಜೊತೆಗೆ ತನ್ನ ಮಾತು ಯಾರಾದರೂ ಕೇಳಬೇಕೆಂಬ ಹಸಿವೂ ಇರುತ್ತದಲ್ಲವೇ? ನನ್ನ ಮಗಳ ಕಚೇರಿಯವರು ಹೊಟ್ಟೆಯನ್ನು ನೋಡಿಕೊಂಡರು, ಹೆಸರನ್ನು ಮರೆತರು. ನಾವು ಶಾಲೆಯಲ್ಲಿ ಅದನ್ನೂ ಇದನ್ನೂ ನೋಡದೆ ಬೀರುವಿಗೆ ಬೀಗ ಹಾಕಿದೆವು.

ನನ್ನನ್ನು ಕಾಡುವ ಪ್ರಶ್ನೆ ಇದಕ್ಕಿಂತ ಆಳದ್ದು. ಜಾಣರು ಬಿಟ್ಟುಹೋಗಬಾರದೆಂದು ಒಳ್ಳೆಯವರಾದರೆ ಅದು ಒಳ್ಳೆಯತನವೇ, ವ್ಯಾಪಾರವೇ? ವ್ಯಾಪಾರವಾದರೂ ಏನು ತಪ್ಪು, ಇಬ್ಬರಿಗೂ ಲಾಭ ತಾನೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಶಾಲೆಯ ಆಯಾ ಒಬ್ಬಳಿದ್ದಾಳೆ. ಇಪ್ಪತ್ತು ವರ್ಷದಿಂದ ಕಸ ಗುಡಿಸಿ, ಗಂಟೆ ಹೊಡೆದು, ಬಿದ್ದ ಮಕ್ಕಳ ಮಂಡಿ ತೊಳೆಯುತ್ತಾಳೆ. ಅವಳನ್ನು ಹೇಗೆ ಉಳಿಸಿಕೊಳ್ಳೋಣ ಎಂದು ಯಾವ ಸಭೆಯಲ್ಲೂ ಚರ್ಚೆಯಾಗಿಲ್ಲ. ಅವಳಿಗೆ ಹೋಗಲು ಬೇರೆ ಜಾಗವಿಲ್ಲವೆಂದು ಎಲ್ಲರಿಗೂ ಗೊತ್ತು. ಹೋಗಬಲ್ಲವರಿಗೆ ಮಾತ್ರ ಮರ್ಯಾದೆ ಎಂದಾದರೆ ಅದು ಭಯಕ್ಕೆ ಕೊಟ್ಟ ಕಾಣಿಕೆ. ಒಂದು ಕಚೇರಿಯ ಸಂಸ್ಕೃತಿ ಎಂಥದು ಎಂದು ತಿಳಿಯಬೇಕಾದರೆ ಹೊರಡುತ್ತಿರುವವರನ್ನೂ ಎಲ್ಲಿಗೂ ಹೋಗಲಾರದವರನ್ನೂ ಅಲ್ಲಿ ಹೇಗೆ ಕಾಣುತ್ತಾರೆಂದು ನೋಡಬೇಕು. ಜಾಣರ ಕಣ್ಣಿಗೂ ಅದು ಬಿದ್ದೇ ಬೀಳುತ್ತದೆ. ನಾಳೆ ನನ್ನ ಗತಿಯೂ ಇದೇ ಎಂದು ಅವರು ಲೆಕ್ಕ ಹಾಕುತ್ತಾರೆ.

ನಮ್ಮ ಮನೆಗಳ ಮಾತೂ ಇದೇ ಅಲ್ಲವೇ? ಮುಸುರೆ ತಿಕ್ಕುವವಳು ಬಿಡುತ್ತೇನೆ ಎಂದ ದಿನವೇ ನಮಗೆ ಅವಳ ಬೆನ್ನುನೋವು ನೆನಪಾಗುವುದು.

ಈ ಜೂನ್ ತಿಂಗಳ ಸಭೆಯಲ್ಲಿ ಧೈರ್ಯ ಮಾಡಿ ಎರಡು ಮಾತು ಹೇಳಿದೆ. ಯಾರ ಮೂಲ ಅಂಕಪಟ್ಟಿಯನ್ನೂ ನಾವು ಇಟ್ಟುಕೊಳ್ಳುವುದು ಬೇಡ. ಆಯಾಳ ಸಂಬಳ ಏರಿಸಬೇಕು. ಹದಿನೈದು ವರ್ಷದ ಹಿಂದೆ ಸಲಹೆ ಕೊಟ್ಟವಳು ನಾನೇ ಎಂಬುದನ್ನೂ ಒಪ್ಪಿಕೊಂಡೆ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಮರುದಿನ ಬೀರು ತೆಗೆಸಿ ಏಳು ಜನರ ಕಾಗದಗಳನ್ನು ಅವರವರ ಕೈಗೇ ಕೊಟ್ಟೆವು. ನಮ್ಮ ಕನ್ನಡದ ಟೀಚರು ತಮ್ಮ ಬಿ.ಎಡ್. ಅಂಕಪಟ್ಟಿಯ ಧೂಳನ್ನು ಸೆರಗಿನಿಂದ ಒರೆಸಿ, ಎಷ್ಟೋ ಹೊತ್ತು ನೋಡುತ್ತ ನಿಂತಿದ್ದರು. ಆಮೇಲೆ ತರಗತಿಗೆ ನಡೆದರು.

ಮುಂದಿನ ಸಭೆ ದಸರೆಯ ನಂತರ. ಆಯಾಳ ಮಾತನ್ನು ನಾನು ಮತ್ತೆ ಎತ್ತುವವಳಿದ್ದೇನೆ.