ನಾಲ್ಕು ಹೆಜ್ಜೆ ಹಿಂದೆ



ಮಳೆಗಾಲದಲ್ಲಿ ಚಿಂಚೋಳಿ ಎಂಐಡಿಸಿಯಲ್ಲಿ ದುಡಿಯುವ ನಾವು ವಾರದ ರಜೆ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರದ ಸಂಭಾಜಿ ತಲಾವಿಗೆ ಹೋಗುತ್ತೇವೆ. ನೀರಿನಲ್ಲಿ ಗುಳುಮುಳುಕ ಹಕ್ಕಿ ಮರಿಗಳೊಂದಿಗೆ ಕಂಡರೆ ಸಾಕು, ಫೋಟೊ ತೆಗೆಯದೆ ಮನಸ್ಸು ಒಪ್ಪುವುದಿಲ್ಲ.

ಮರಾಠಿಯವರು ಟಿಬುಕಲಿ ಎನ್ನುವ ಈ ಪುಟ್ಟ ಹಕ್ಕಿ ನೀರಿನ ಮೇಲೆಯೇ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವ ಮುನ್ನ ಮೊಟ್ಟೆಗಳ ಮೇಲೆ ಹಸಿ ಸೊಪ್ಪು ಎಳೆದು ಮುಚ್ಚುತ್ತದೆ. ಮರಿಗಳು ಹುಟ್ಟಿದ ಮೇಲೆ ತಂದೆತಾಯಿ ಇಬ್ಬರೂ ಅವುಗಳನ್ನು ಬೆನ್ನ ಮೇಲೆ ಹೊತ್ತು ಈಜುತ್ತಾರೆ. ರೆಕ್ಕೆಯ ಸಂದಿಯಿಂದ ಪಟ್ಟೆಪಟ್ಟೆ ತಲೆಗಳು ಇಣುಕುತ್ತವೆ.

ಒಮ್ಮೆ ಇನ್ನೂ ಚೆಂದದ ಚಿತ್ರ ಬೇಕೆಂದು ಜೊಂಡು ಸರಿಸಿ ಒಂದು ಗೂಡಿನ ಹತ್ತಿರಕ್ಕೇ ಹೋದೆವು. ಕಾವಿಗೆ ಕೂತಿದ್ದ ಹಕ್ಕಿ ಗಾಬರಿಯಿಂದ ನೀರಿಗೆ ಮುಳುಗಿತು. ಮೊಟ್ಟೆ ಮುಚ್ಚಲು ಅದಕ್ಕೆ ಸಮಯ ಸಿಗಲಿಲ್ಲ. ಮರದ ಮೇಲೆ ಕಾಗೆಗಳು ಕೂತಿದ್ದವು. ನಾವು ಹಿಂದೆ ಸರಿದು ಬಹಳ ಹೊತ್ತು ಕಾದೆವು. ಹಕ್ಕಿ ಮರಳಿದ್ದು ಕಾಣದೆ ಮನೆಗೆ ಬಂದೆವು. ಚಿತ್ರವೇನೋ ಚೆನ್ನಾಗಿ ಬಂದಿತ್ತು. ಅದನ್ನು ಯಾರಿಗೂ ತೋರಿಸಲು ಮನಸ್ಸಾಗಲಿಲ್ಲ.

ಗೂಡಿನಲ್ಲಿ ಮರಿಗಳ ಮೇಲೋ ಮೊಟ್ಟೆಗಳ ಮೇಲೋ ಕೂತ ತಾಯಿಹಕ್ಕಿಯನ್ನು ಹಿಡಿಯಬಾರದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಹಾಗೆ ನಡೆದವರಿಗೆ ಒಳಿತನ್ನೂ ದೀರ್ಘಾಯುಷ್ಯವನ್ನೂ ದೇವರು ವಾಗ್ದಾನ ಮಾಡುತ್ತಾರೆ. ತಂದೆತಾಯಿಯರನ್ನು ಗೌರವಿಸಬೇಕೆಂಬ ಕಟ್ಟಳೆಗೂ ಇದೇ ವಾಗ್ದಾನವಿದೆ! ಹಕ್ಕಿಯ ತಾಯ್ತನವನ್ನೂ ದೇವರು ಹಗುರವಾಗಿ ಕಂಡಿಲ್ಲ. ಜೆರುಸಲೇಮಿಗಾಗಿ ಮರುಗಿದ ಯೇಸುಸ್ವಾಮಿ, ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಕೋಳಿಗೆ ತಮ್ಮನ್ನೇ ಹೋಲಿಸಿಕೊಂಡರು (ಮತ್ತಾಯ 23:37). ಆ ರೆಕ್ಕೆಗೂ ಮರಿಗಳಿಗೂ ನಡುವೆ ನಾವು ಅಡ್ಡ ನಿಲ್ಲಬಹುದೇ?

ಇದು ಹಕ್ಕಿಗಳ ವಿಷಯ ಮಾತ್ರವಲ್ಲ. ಬಡ ತಾಯಿಯೊಬ್ಬರಿಗೆ ಅಕ್ಕಿಚೀಲ ಕೊಡುವಾಗಲೂ ನಾವು ಮೊದಲು ಮೊಬೈಲು ತೆಗೆಯುತ್ತೇವೆ. ಆಕೆ ಸೆರಗು ಎಳೆದುಕೊಂಡರೆ, "ಈ ಕಡೆ ನೋಡಮ್ಮ" ಎನ್ನುತ್ತೇವೆ. ಆ ಹಕ್ಕಿ ಸೊಪ್ಪಿನಿಂದ ಮೊಟ್ಟೆ ಮುಚ್ಚುವಂತೆ ಆಕೆಯೂ ತನ್ನ ಮನೆಯ ಮಾನವನ್ನು ಮುಚ್ಚಿಕೊಳ್ಳುತ್ತಿದ್ದಾಳೆ. ನಾವು ಆ ಸೆರಗನ್ನೂ ಸರಿಸುತ್ತಿದ್ದೇವೆ. ಕೊಟ್ಟಿದ್ದು ಐದು ಕಿಲೋ ಅಕ್ಕಿ, ಕಿತ್ತುಕೊಂಡದ್ದು ಎಷ್ಟು?

ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ನಾವು ಸೃಷ್ಟಿಯ ಕಾಲವನ್ನು ಆಚರಿಸುತ್ತೇವೆ. ಈ ದಿನಗಳಲ್ಲಿ ಒಂದು ಚಿಕ್ಕ ವ್ರತ ಹಿಡಿಯೋಣ. ಹಕ್ಕಿಗಳನ್ನು ದಡದಿಂದಲೇ ನೋಡೋಣ. ಅವು ಬೆದರಿ ನಮ್ಮತ್ತ ತಲೆ ತಿರುಗಿಸಿದರೆ ನಾಲ್ಕು ಹೆಜ್ಜೆ ಹಿಂದೆ ಸರಿಯೋಣ. ಗೂಡಿರುವ ಜಾಗವನ್ನು ವಾಟ್ಸಾಪಿನಲ್ಲಿ ಹಂಚದಿರೋಣ. ದಾನ ಕೊಡುವಾಗ ಮೊಬೈಲು ಜೇಬಿನಲ್ಲೇ ಇರಲಿ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಹೆಜ್ಜೆಗಳನ್ನು ನೋಡಿ ಕಲಿಯುತ್ತಾರೆ.

ಪ್ರಭುವೇ, ನಿಮ್ಮ ರೆಕ್ಕೆಯ ನೆರಳಲ್ಲಿ ನಮಗೆ ತಾವು ಕೊಟ್ಟಿದ್ದೀರಿ. ಇತರರ ನೆರಳನ್ನು ಕೆಡಿಸದಂತೆ ನಮ್ಮ ಕಣ್ಣುಗಳನ್ನೂ ಕೈಗಳನ್ನೂ ಕಾಪಾಡಿರಿ. ಆಮೆನ್.