ಅವಳಿಗಳ ಪಾಲು

ಅವಳಿ ಮಕ್ಕಳಿಗೆ ಒಂದೇ ಬಣ್ಣದ ಬಟ್ಟೆ ಹೊಲಿಸುವುದು, ಒಂದೇ ತಟ್ಟೆಯಲ್ಲಿ ಕಲಸಿ ತುತ್ತಿಡುವುದು ನಮಗೆಲ್ಲ ಇಷ್ಟ. ಭೇದ ಮಾಡಲಿಲ್ಲವೆಂಬ ಸಮಾಧಾನ ತಾಯಿಗೆ. ಆದರೆ ಕಾಲೇಜಿನ ಬಾಗಿಲಿಗೆ ಬಂದಾಗ ಆ ಸಮಾಧಾನ ಸಾಲುವುದಿಲ್ಲ. ಒಂದೇ ಗರ್ಭದಿಂದ ಬಂದವರಿಗೂ ಅಲ್ಲಿ ಬೇರೆ ಅರ್ಜಿ, ಬೇರೆ ರ‍್ಯಾಂಕು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಅಕ್ಕ-ತಮ್ಮ ಅವಳಿಗಳಿದ್ದರು. ಅಕ್ಕನೆಂದರೆ ಹತ್ತು ನಿಮಿಷಕ್ಕೆ ದೊಡ್ಡವಳು, ಅಷ್ಟೆ. ಪಿಯುಸಿ ಮುಗಿಸಿ ಇಬ್ಬರೂ ಸಿಇಟಿ ಬರೆದರು. ಮೈಸೂರಿನ ಒಂದೇ ಇಂಜಿನಿಯರಿಂಗ್ ಕಾಲೇಜನ್ನು ಮೊದಲ ಆಯ್ಕೆಯಾಗಿ ಕೊಟ್ಟರು. ಸೀಟು ಸಿಕ್ಕಿದ್ದು ಅವಳಿಗೆ. ಅವನಿಗೆ ನಮ್ಮೂರಿನ ಹತ್ತಿರದ ಕಾಲೇಜು. ತಾಯಿ ನನ್ನ ಬಳಿ ಬಂದರು. "ಇಬ್ಬರೂ ಇಲ್ಲೇ ಜೊತೆಯಲ್ಲಿ ಓದಲಿ ಟೀಚರ್. ಅವನ ಮನಸ್ಸು ನೋಯಬಾರದು. ಅವಳಿಗೆ ನೀವೇ ಒಂದು ಮಾತು ಹೇಳಿ" ಎಂದರು. ಕೆಟ್ಟ ತಾಯಿಯಲ್ಲ, ಇಬ್ಬರಿಗೂ ಒಂದೇ ಅಳತೆಯಲ್ಲಿ ಹಾಲು ಹಾಕಿ ಬೆಳೆಸಿದವರು.

"ಸೀಟು ಅವನಿಗೆ ಸಿಕ್ಕಿದ್ದರೆ, ಅವಳ ಮನಸ್ಸು ನೋಯುತ್ತದೆಂದು ಅವನನ್ನು ಇಲ್ಲೇ ಉಳಿಸಿಕೊಳ್ಳುತ್ತಿದ್ದಿರಾ?" ಎಂದು ಕೇಳಿದೆ. ಅವರು ಸೆರಗಿನ ಅಂಚು ಮಡಿಸುತ್ತ ಕೂತರು.

ಮಹಾಭಾರತದ ಯಕ್ಷಪ್ರಶ್ನೆ ನಿಮಗೆ ಗೊತ್ತೇ ಇದೆ. ಒಬ್ಬ ತಮ್ಮನನ್ನು ಮಾತ್ರ ಬದುಕಿಸುವೆನೆಂದಾಗ ಧರ್ಮರಾಯ ನಕುಲನನ್ನು ಬೇಡಿದ. ಕುಂತಿಗೆ ತಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂಬುದು ಅವನ ನ್ಯಾಯ. ತಾಯಂದಿರ ನಡುವೆ ತಕ್ಕಡಿ ಸಮವಾಯಿತು. ಆದರೆ ಅವಳಿಗಳಲ್ಲಿ ಸಹದೇವನೇಕೆ ಅಲ್ಲ ಎಂಬುದಕ್ಕೆ ಅವನೂ ಕಾರಣ ಹೇಳಲಿಲ್ಲ. ಕೊನೆಗೆ ಯಕ್ಷ ಮೆಚ್ಚಿ ಎಲ್ಲರನ್ನೂ ಎಬ್ಬಿಸಿದ.

1994ರಲ್ಲಿ ಶುರುವಾದ ನಮ್ಮ ಸಿಇಟಿಯಲ್ಲಿ ಅಂಥ ಯಕ್ಷನಿಲ್ಲ. ಇಂಜಿನಿಯರಿಂಗಿಗೆ ಪಿಯುಸಿ ಅಂಕಕ್ಕೆ ಶೇ. 50, ಸಿಇಟಿ ಅಂಕಕ್ಕೆ ಶೇ. 50 ಎಂದು ಕೂಡಿ ರ‍್ಯಾಂಕು ಕಟ್ಟುವ ಪದ್ಧತಿ; ಅದರ ಪ್ರಕಾರವೇ ಸೀಟು. ಅಕ್ಕ ಬಿಟ್ಟ ಸೀಟು ತಮ್ಮನ ಹೆಸರಿಗೆ ಬರುವುದಿಲ್ಲ, ಸಾಲಿನಲ್ಲಿ ಮುಂದಿರುವ ಇನ್ಯಾರಿಗೋ ಹೋಗುತ್ತದೆ. ಹಾಗಿದ್ದರೆ ಇದು ತ್ಯಾಗ ಹೇಗಾದೀತು? ತ್ಯಾಗವೆಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏನಾದರೂ ಸೇರಬೇಕು. ಇಲ್ಲಿ ಅವಳಿಗೆ ನಷ್ಟ. ಅವನಿಗೆ ಸೇರುವುದು ಜೀವಮಾನವಿಡೀ ತೀರಿಸಲಾಗದ ಒಂದು ಋಣ.

ಹುಡುಗನ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಹುಟ್ಟಿದಂದಿನಿಂದ ಜೊತೆಗಿದ್ದವಳು ಮುಂದೆ ಹೋದಾಗ ಕರುಳು ಹಿಂಡುತ್ತದೆ. ಆ ನೋವಿಗೆ ತಾಯಿಯ ಮಡಿಲು ಇದೆ. ಅದರ ಬೆಲೆಯನ್ನು ಮಗಳಿಂದ ವಸೂಲು ಮಾಡುವುದು ಸಮಾನತೆಯಲ್ಲ.

ಅವಳು ಮೈಸೂರಿಗೆ ಹೋದಳು. ಎರಡು ವಾರ ಅವನು ಅಕ್ಕನೊಡನೆ ಸರಿಯಾಗಿ ಮಾತಾಡಲಿಲ್ಲವಂತೆ. ಆ ಎರಡು ವಾರವನ್ನು ತಪ್ಪಿಸಲು ಅವಳ ನಾಲ್ಕು ವರ್ಷ ಕೊಡಬೇಕಿತ್ತೇ, ನೀವೇ ಹೇಳಿ.