ಭಾಳ ದಣದಾನ, ಎಬ್ಬಿಸಬ್ಯಾಡ್ರಿ

"ಭಾಳ ದಣದಾನ, ಎಬ್ಬಿಸಬ್ಯಾಡ್ರಿ." ಅರೆನಿದ್ದೆಯಲ್ಲಿ ಅವ್ವನ ಮಾತು ಕಿವಿಗೆ ಬಿತ್ತು. ಹೊತ್ತು ನೆತ್ತಿಗೆ ಬಂದಿತ್ತು. ನಾನು ಹೊದ್ದು ಮಲಗಿದ್ದೆ.

ಹೋದ ಜನವರಿಯ ಮಾತು. ಎರಡು ವಾರ ರಜೆ ಹಾಕಿ ಅಮೆರಿಕದ ಸಿಯಾಟಲ್‌ಗೆ ಹೋಗಿದ್ದೆ. ಕೆಲಸಕ್ಕಲ್ಲ, ಬರೀ ತಿರುಗಾಡಲಿಕ್ಕೆ. ವಾಪಸ್ ಬರುವಾಗ ದುಬೈವರೆಗೆ ಸುಮಾರು 14 ತಾಸು, ಅಲ್ಲಿಂದ ಹೈದರಾಬಾದಿಗೆ ಮೂರೂವರೆ ತಾಸು. ಶಂಷಾಬಾದಿನಿಂದ ಜಹೀರಾಬಾದ್ ಮೇಲೆ ಹಾದು ಬೀದರ್‌ವರೆಗೆ ಟ್ಯಾಕ್ಸಿ. ಔರಾದ್‌ಗೆ ರೈಲಿಲ್ಲ, ಬೀದರ್‌ನಿಂದ ಮುಂದೆ ನಮ್ಮೂರಿಗೆ ತಮ್ಮನ ಬೈಕು. ಮನೆ ಮುಟ್ಟಿದಾಗ ಕಾಲು ಊದಿದ್ದವು, ತಲೆ ಗುಂಯ್ ಅನ್ನುತ್ತಿತ್ತು.

ಸುಳ್ಳು ದಣಿವಲ್ಲ ಅದು. ಸಿಯಾಟಲ್‌ಗೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ತಾಸಿನ ಅಂತರ. ನಮ್ಮ ದೇಹದೊಳಗೊಂದು ಗಡಿಯಾರವಿದೆ, ಬೆಳಕು ನೋಡಿ ಅದು ತನ್ನನ್ನು ತಾನು ಹೊಂದಿಸಿಕೊಳ್ಳುತ್ತದೆ. ಅದು ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಒಂದು ತಾಸಿನ ವ್ಯತ್ಯಾಸ ಸರಿಹೋಗಲು ಹೆಚ್ಚುಕಮ್ಮಿ ಒಂದು ದಿನ ಬೇಕು ಅನ್ನೋದು ಸಾಮಾನ್ಯ ಲೆಕ್ಕ.

ಆದರೆ ಆ ದಿನ ಹೊಲದಾಗ ತೊಗರಿ ಕೊಯ್ಲು ನಡೆದಿತ್ತು. ಅವ್ವ ಮಧ್ಯಾಹ್ನ ಹೊಲದಿಂದ ಬಂದು ನನ್ನ ಸ್ನಾನಕ್ಕೆ ನೀರು ಕಾಸಿಟ್ಟು ಮತ್ತೆ ಹೋದಳು. ಸಂಜೆ ಅಪ್ಪ ಬಂದು ಕಂಬ ಹಿಡಿದು ಮೆಲ್ಲಗೆ ಕೂತು ಕೇಳಿದ: "ತಮ್ಮಾ, ದಣಿವು ಹೋತೇನು?"

ಆ ಪ್ರಶ್ನೆ ಚುಚ್ಚಿತು. ಭಾಲ್ಕಿಯಲ್ಲಿ ಬಿಇ ಓದುವಾಗ ಅಪ್ಪ ಭಾನುವಾರ ಬಸ್ಸಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಗಂಟು ತರುತ್ತಿದ್ದ. ಗೇಟಿನ ಹತ್ತಿರ ಅರ್ಧ ತಾಸು ಕೂತು, ಎಮ್ಮೆ ಹಿಂಡಬೇಕು ಅಂತ ಹೊರಟುಬಿಡುತ್ತಿದ್ದ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವನಿಗೆ ನಾನು ಈ ಮಾತು ಕೇಳಲಿಲ್ಲ.

ಹಾಗಾದರೆ ರೊಕ್ಕ ಕೊಟ್ಟು ಕೊಂಡ ದಣಿವಿಗೆ ಬೆಲೆ ಕಡಿಮೆಯೇ? ಮೊದಲು ಹೌದು ಅನ್ನಿಸಿತು. ತಮ್ಮ ಒಪ್ಪಲಿಲ್ಲ. "ಮೈಗೇನು ಗೊತ್ತಾಗ್ತದಣ್ಣ, ರಜೆನೋ ಕೆಲಸನೋ?" ಅಂದ. ಅವನ ಮಾತೂ ಖರೆ. ಜಾತ್ರೆಯಲ್ಲಿ ರಾತ್ರಿಯಿಡೀ ಕುಣಿದು ಬಂದ ಹುಡುಗನಿಗೂ ತಾಯಿ ಹಾಸಿಗೆ ಹಾಸುತ್ತಾಳೆ. ದುಡಿದವರಿಗೆ ಮಾತ್ರ ವಿಶ್ರಾಂತಿ ಅಂದರೆ ಮುದುಕರು, ರೋಗಿಗಳು ಎಲ್ಲಿಗೆ ಹೋಗಬೇಕು?

ಹಾಗಿದ್ದರೆ ನನ್ನ ತಪ್ಪು ಎಲ್ಲಿತ್ತು? ನಮ್ಮ ಜಿಲ್ಲೆಯ ಬಸವಕಲ್ಯಾಣದ ಕಥೆಯೊಂದು ನೆನಪಾಯಿತು. ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ, ಬೇಕಾದ್ದಕ್ಕಿಂತ ಹೆಚ್ಚಿನದು ನಮಗೆ ಬೇಡ, ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಅಕ್ಕಿ ಕದ್ದದ್ದೇನಲ್ಲ. ಆದರೂ ಹೆಚ್ಚಾಗಿತ್ತು.

ನನ್ನ ದಣಿವಿಗೆ ಬೇಕಿದ್ದದ್ದು ಒಂದು ಹಾಸಿಗೆ, ಒಂದು ತಂಬಿಗೆ ನೀರು. ನಾನು ತಗೊಂಡದ್ದು ಅದಕ್ಕಿಂತ ಜಾಸ್ತಿ. ನಿಜ ಹೇಳಬೇಕಂದರೆ, ಹಿಂದಿನ ರಾತ್ರಿ ಮೂರಕ್ಕೇ ನನಗೆ ಎಚ್ಚರವಾಗಿತ್ತು. ದೇಹದ ಗಡಿಯಾರಕ್ಕೆ ಅದು ಮಧ್ಯಾಹ್ನ. ಮನೆಯಲ್ಲಿ ಆಗ ನನ್ನಷ್ಟು ಲವಲವಿಕೆಯಿಂದ ಇದ್ದವರು ಬೇರೆ ಯಾರೂ ಇರಲಿಲ್ಲ! ನಾಲ್ಕಕ್ಕೆ ಅವ್ವ ಎದ್ದು ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ನಾನು ಮೊಬೈಲ್ ನೋಡುತ್ತ ಮಲಗಿದ್ದೆ. ಬೆಳಗಾದ ಮೇಲೆ ಮಾತ್ರ 'ಜೆಟ್ ಲ್ಯಾಗ್' ಅಂದೆ. ನನ್ನ ದಣಿವಿಗೆ ಇಂಗ್ಲಿಷಿನ ಹೆಸರಿತ್ತು, ಹಿಂದೆ ವಿಜ್ಞಾನವೂ ಇತ್ತು. ಅಪ್ಪ-ಅವ್ವನ ದಣಿವಿಗೆ ಹೆಸರೇ ಇರಲಿಲ್ಲ, ಅದು ದಿನಾ ಇರೋದು.

ಮರುದಿನವೂ ಮೂರಕ್ಕೇ ಎಚ್ಚರವಾಯಿತು. ಈ ಸಲ ಎದ್ದು ನೀರು ತುಂಬಿದೆ, ಒಲೆ ಹಚ್ಚಿ ಚಹಾಕ್ಕಿಟ್ಟೆ. ಅವ್ವ ಎದ್ದು ಬಂದು ಬೈದಳು: "ಏನ್ ಮಾಡಲತ್ತಿದಿ? ಹೋಗಿ ಮಲ್ಕೋ." ಅಪ್ಪನಿಗೆ ಚಹಾ ಕೊಟ್ಟು ಕೇಳಿದೆ, "ಅಪ್ಪಾ, ದಣಿವಾಗ್ಯಾದೇನು?"

ಅಪ್ಪ ನಕ್ಕ. "ಇದೇನ್ ಹೊಸಾದು!" ಅಂದ. ಚಹಾ ಮುಗಿಸಿ ಲೋಟ ಕೆಳಗಿಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಎಡಗಾಲು ಮೊಣಕಾಲು ನೋಯ್ತದ ನೋಡು. ಎರಡು ವರ್ಷ ಆಯ್ತು."